ಕರುಳಿನ ನರಗಳ ಸುಣ್ಣದ ಲೆಕ್ಕ

ಕ್ಯಾಲ್ಸಿಯಂ ಎಂದೊಡನೆ ನಮ್ಮವರ ಮನಸ್ಸು ಎಲುಬಿನ ಕಡೆಗೆ ಹರಿಯುವುದು. ಶರೀರದಲ್ಲಿರುವ ಆ ಧಾತುವಿನ ಶೇಕಡ 99ರಷ್ಟು ಪಾಲು ಅಸ್ಥಿದಂತಗಳಲ್ಲಿಯೇ ಇರುವುದರಿಂದ ಅದು ಸಹಜವೂ ಹೌದು. ಆದರೆ ಉಳಿದ ಅಲ್ಪಭಾಗದ ವ್ಯವಹಾರವಿಲ್ಲದೆ ನರವೊಂದೂ ಮಿಡಿಯದೆಂಬುದನ್ನೂ, ನಾಲ್ವರ ನಡುವೆ ಹೆಸರೆತ್ತಲು ನಾವು ಸಂಕೋಚಪಡುವ ಕರುಳಿನಲ್ಲಿ ಆ ವ್ಯವಹಾರವು ಎಷ್ಟು ನಾಜೂಕಾಗಿ ನಡೆಯುತ್ತಿದೆಯೆಂಬುದನ್ನೂ, 'ಹೆಚ್ಚಿದ್ದಷ್ಟೂ ಒಳ್ಳೆಯದು' ಎಂದು ಮಾತ್ರೆಯ ಡಬ್ಬಿಗೆ ಕೈಹಾಕುವವರು ಅಷ್ಟಾಗಿ ವಿಚಾರಿಸಿದಂತಿಲ್ಲ.

ಕರುಳಿನ ಗೋಡೆಯ ಎರಡು ಸ್ನಾಯುಪದರಗಳ ನಡುವೆ ಹಬ್ಬಿರುವ ನರಜಾಲವನ್ನು ಜರ್ಮನಿಯ ಆವರ್‌ಬಾಖ್ 19ನೆಯ ಶತಮಾನದಲ್ಲಿಯೇ ವರ್ಣಿಸಿದ್ದನು. 1899ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿದ್ವಾಂಸರು, ಹೊರಗಿನಿಂದ ಬರುವ ನರಗಳನ್ನು ಕಡಿದ ಮೇಲೂ ನಾಯಿಯ ಕರುಳು ತನ್ನೊಳಗಿನ ವಸ್ತುವಿನ ಹಿಂಬದಿಯಲ್ಲಿ ಸಂಕುಚಿಸಿ, ಮುಂಬದಿಯಲ್ಲಿ ಸಡಿಲಗೊಂಡು, ಅದನ್ನು ಮುಂದಕ್ಕೆ ನೂಕುವುದೆಂದು ತೋರಿಸಿದರು. ಮೆದುಳಿನ ಅಪ್ಪಣೆಗೆ ಕಾಯದೆ ನಡೆಯುವ ಈ ಕಾರ್ಯದಲ್ಲಿ ಎಲ್ಲಿ ಮಿಡಿಯಬೇಕು, ಎಲ್ಲಿ ಸುಮ್ಮನಿರಬೇಕು ಎಂಬ ನಿರ್ಣಯಕ್ಕೆ ಕ್ಯಾಲ್ಸಿಯಮ್ಮಿನ ಸಂಬಂಧವುಂಟು.

ನರಕೋಶದ ಹೊರಗಿನ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಅಧಿಕವಾಗಿರುವುದರಿಂದ, ತುಂಬಿದ ಕೆರೆಯ ತೂಬನ್ನು ಎತ್ತಿದಂತೆ, ಪೊರೆಯ ದ್ವಾರಗಳು ಕ್ಷಣಮಾತ್ರ ತೆರೆದರೂ ಅವು ಒಳಕ್ಕೆ ನುಗ್ಗುವುವು. ಆಸ್ಟ್ರೇಲಿಯದ ಹರ್ಸ್ಟ್, ಹೋಲ್ಮನ್ ಮತ್ತು ಸ್ಪೆನ್ಸ್ ಎಂಬುವರು 1974ರಲ್ಲಿ ಗಿನಿಪಿಗ್ಗಿನ ಕರುಳಿನಲ್ಲಿ ಎರಡು ಬಗೆಯ ನರಕೋಶಗಳನ್ನು ಗುರುತಿಸಿದರು. ಅವುಗಳಲ್ಲಿ ಒಂದು ಬಗೆಯದು ಮಿಡಿದ ಬಳಿಕ ಹಲವು ಸೆಕೆಂಡುಗಳ ಕಾಲ ಮೌನ ತಾಳುವುದು. ಒಳನುಗ್ಗಿದ ಕ್ಯಾಲ್ಸಿಯಂ ಕೋಶದ ಒಳಭಂಡಾರದಲ್ಲಿರುವ ತನ್ನ ಜಾತಿಯ ಅಯಾನುಗಳನ್ನೂ ಹೊರಗೆಳೆದು, ಪೊಟ್ಯಾಸಿಯಮ್ಮಿನ ದ್ವಾರಗಳನ್ನು ತೆರೆಯಿಸಿ, ಕೋಶವನ್ನು ಮರುಮಿಡಿತಕ್ಕೆ ಒಲ್ಲದಂತೆ ಮಾಡುವುದೇ ಈ ಮೌನದ ಕಾರಣ. ಉದ್ರೇಕವೇ ತನಗೆ ತಾನು ಕಡಿವಾಣವನ್ನು ಹೂಡಿಕೊಳ್ಳುವ ಈ ಏರ್ಪಾಟು ನನಗಂತೂ ಮಿಡಿತಕ್ಕಿಂತ ಹೆಚ್ಚು ಸೋಜಿಗವಾಗಿ ಕಾಣುವುದು. ಉರಿಯೂತಕ್ಕೀಡಾದ ಕರುಳಿನಲ್ಲಿ ಈ ಮೌನ ಮೊಟಕಾಗಿ, ನರಕೋಶಗಳು ಅಳತೆಮೀರಿ ಮಿಡಿಯುವುದನ್ನು ಅದೇ ಪ್ರಾಣಿಯಲ್ಲಿ ಕಂಡಿದ್ದಾರೆ.

ಬಂದ ಕ್ಯಾಲ್ಸಿಯಂ ಒಳಗೇ ನಿಂತರೆ ಕೋಶಕ್ಕೆ ವಿಷವಾದೀತು. ಆದಕಾರಣ ಕ್ಯಾಲ್‌ಬಿಂಡಿನ್, ಕ್ಯಾಲ್‌ರೆಟಿನಿನ್ ಎಂಬ ಪ್ರೋಟೀನುಗಳು ಅದನ್ನು ಹಿಡಿದಿಡುವುವು. ಮೈಟೊಕಾಂಡ್ರಿಯಗಳು ತಾತ್ಕಾಲಿಕವಾಗಿ ಒಳಗಿಟ್ಟುಕೊಳ್ಳುವುವು. ಪೊರೆಯ ಪಂಪುಗಳು ಶಕ್ತಿಯನ್ನು ವ್ಯಯಿಸಿ ಹೊರದೂಡುವುವು.

ರಕ್ತದಲ್ಲಿನ ಕ್ಯಾಲ್ಸಿಯಮ್ಮನ್ನು ಕಾಯುವುದು ಪ್ಯಾರಾಥೈರಾಯ್ಡ್ ಹಾರ್ಮೋನು ಮತ್ತು ಡಿ ಜೀವಸತ್ತ್ವಗಳ ಹೊಣೆ, ತನ್ನೊಳಗಿನದನ್ನು ಕಾಯುವುದು ನರಕೋಶದ ಹೊಣೆ. ಇವೆರಡನ್ನೂ ಬೆರೆಸಿ, ಮಾತ್ರೆ ನುಂಗಿದರೆ ನರ ಬಲಿಯುವುದೆಂದು ಹೇಳುವ ಜಾಹೀರಾತಿಗೆ ಶರೀರಶಾಸ್ತ್ರದ ಆಧಾರವಿಲ್ಲ. ಹಾಗೆ ನೋಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿದಾಗ ನರಗಳ ಉದ್ರೇಕಶೀಲತೆ ತಗ್ಗುವುದು, ಕರುಳಿನ ಚಲನೆ ಮಂದವಾಗುವುದು, ಮಲಬದ್ಧತೆ ತಲೆದೋರುವುದು. ಮುದುಕರ ಮಲಬದ್ಧತೆಯನ್ನು ನಗೆಚಾಟಿಕೆಯ ವಿಷಯವನ್ನಾಗಿ ಮಾಡಿ ರೇಚಕದ ಪುಡಿಗೆ ಒಪ್ಪಿಸಿಬಿಡುವ ನಮ್ಮ ರೂಢಿಯಲ್ಲಿ ಈ ಸಂಗತಿ ಮರೆತೇ ಹೋಗುವುದುಂಟು. ಬಾಯಾರಿಕೆ, ಬಳಲಿಕೆ, ಪದೇಪದೇ ಮೂತ್ರವಿಸರ್ಜನೆಗಳೂ ಅದರೊಡನೆ ಕೂಡಿಕೊಂಡಿದ್ದರೆ, ವೈದ್ಯನು ಇನ್ನೊಂದು ರೇಚಕವನ್ನು ಬರೆಯುವ ಮುನ್ನ ರೋಗಿಯು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಕೇಳಿ, ರಕ್ತದ ಕ್ಯಾಲ್ಸಿಯಮ್ಮನ್ನು ಅಳೆಯಿಸತಕ್ಕದ್ದು.