ಹೊಗೆಸೊಪ್ಪಿಗೆ ದರ್ಜೆಯುಂಟು, ಶೀಷೆಗೇಕಿಲ್ಲ?

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ರೈತರು ತಂಬಾಕಿನ ಬೇಲನ್ನು ಹರಾಜು ಮಾರುಕಟ್ಟೆಗೆ ತಂದಾಗ ಅದರ ಗುಣವನ್ನು ಪರೀಕ್ಷಿಸಿ ದರ್ಜೆ ಕಟ್ಟುತ್ತಾರೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ. ಅದೇ ರೈತ ಗೊಬ್ಬರದಂಗಡಿಯಲ್ಲಿ ‘ನ್ಯಾನೋ’, ‘ಚಿಲೇಟೆಡ್’ ಎಂದು ಬರೆದ ಶೀಷೆ ಕೊಳ್ಳುವಾಗ ಅವನಿಗಿರುವ ಆಧಾರ ಅಂಗಡಿಯವರ ಮಾತೊಂದೇ. ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲ ಈ ಅಸಮತೆ ನನ್ನ ಗಮನಕ್ಕೆ ಬರಲಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಈ ಪದಗಳ ಹಿಂದಿನ ವಿಜ್ಞಾನ ಪೊಳ್ಳಲ್ಲ. ಭತ್ತದ ಗದ್ದೆಗೆ ಹಾಕುವ ಸತುವಿನ ಸಲ್ಫೇಟು ಕ್ಷಾರಗುಣದ ಮಣ್ಣಿನಲ್ಲಿ ಕರಗದ ರೂಪಕ್ಕಿಳಿದು ಬೇರಿಗೆ ದಕ್ಕದಂತಾಗುತ್ತದೆ. ದ್ರಾವಣದಲ್ಲಿ ಸತುವನ್ನು ಇಡಿಟಿಎ ಅಣುವಿನೊಂದಿಗೆ ಸಂಯೋಜಿಸಿದರೆ, ಏಡಿ ತನ್ನ ಕೊಂಡಿಯಲ್ಲಿ ಹಿಡಿಯುವಂತೆ ಆ ಅಣು ಸತುವನ್ನು ಹಿಡಿದು ಕರಗಿದ ಸ್ಥಿತಿಯಲ್ಲಿ ಉಳಿಸುತ್ತದೆ. ದ್ರಾವಣದಿಂದ ಸೂಕ್ಷ್ಮಕಣ ಪಡೆಯುವ ವಿದ್ಯೆಯೂ ನಮಗೆ ಹೊಸತಲ್ಲ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್‌ಲಿ ಅವರು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾದ ದ್ರಾವಣವನ್ನು 500 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿಟ್ಟು, ಅದು ತಾನೇ ಹೊತ್ತಿ ಉರಿದು ಕೆಲವೇ ನಿಮಿಷಗಳಲ್ಲಿ ನವಿರಾದ ಅಲ್ಯೂಮಿನಾ ಆಗುವುದನ್ನು ತೋರಿಸಿದರು. ಹೊಲಕ್ಕೆ ಎರಚುವ ಯೂರಿಯಾವೇ ಅಲ್ಲಿ ಇಂಧನ.

ಆದರೆ ವಿಜ್ಞಾನ ಸಾಚಾ ಎಂದಮಾತ್ರಕ್ಕೆ ಪ್ರತಿ ಶೀಷೆಯೂ ಸಾಚಾ ಆಗದು. 2021ರಲ್ಲಿ ಬಂದ ದ್ರವ ನ್ಯಾನೋ ಯೂರಿಯಾವನ್ನು ನೋಡಿ. 500 ಮಿಲಿಲೀಟರಿನ ಶೀಷೆಯಲ್ಲಿ ಶೇ 4ರ ಲೆಕ್ಕದಲ್ಲಿ ಸುಮಾರು 20 ಗ್ರಾಂ ಸಾರಜನಕ. ಅದು ಬದಲಿಯಾಗಬೇಕಾದ 45 ಕೆ.ಜಿ. ಚೀಲದಲ್ಲಿ ಸುಮಾರು 20 ಕೆ.ಜಿ. ಎಲೆ ಎಷ್ಟೇ ದಕ್ಷವಾಗಿ ಹೀರಿದರೂ, ಸಾವಿರ ಪಟ್ಟಿನ ಈ ಅಂತರ ತುಂಬಲು ಜಾಹೀರಾತು ಸಾಲದು, ಹೊಲದ ಪುರಾವೆ ಬೇಕು.

ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ತೋರಿಸಿದ್ದಾರೆ. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. 1985ರ ರಸಗೊಬ್ಬರ ನಿಯಂತ್ರಣ ಆದೇಶದಂತೆ ಇಡಿಟಿಎ ಸತುವಿನಲ್ಲಿ ಕನಿಷ್ಠ ಶೇ 12 ಸತು ಇರಲೇಬೇಕು. ಮಾದರಿ ತೆಗೆದು ಪರೀಕ್ಷಿಸುವ ಅಧಿಕಾರವೂ ಅದರಲ್ಲಿಯೇ ಇದೆ. ಆ ಫಲಿತಾಂಶ ಕಡತದಲ್ಲಿ ಮಲಗದೆ, ಪ್ರತಿ ಹಂಗಾಮಿಗೆ ಮುನ್ನ ಕೃಷ್ಣರಾಜನಗರವೂ ಸೇರಿ ನಾಲ್ಕೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳ ಫಲಕದ ಮೇಲೆ ಕನ್ನಡದಲ್ಲಿ ಬರಲಿ; ಪೋಷಕಾಂಶದ ಗ್ರಾಂ ಒಂದಕ್ಕೆ ಬೀಳುವ ಬೆಲೆಯೂ ಪಕ್ಕದಲ್ಲಿರಲಿ. ರೈತ ಮಾರುವುದನ್ನು ಅಳೆಯುವ ನಾವು, ಅವನು ಕೊಳ್ಳುವುದನ್ನೂ ಅಳೆದುಕೊಡುವುದು ನ್ಯಾಯ.