ಮೈಲೇಜ್ ಆಸೆ... ಪಿಸ್ಟನ್ ನಾಶ!

ಸಿನಿಮಾದಲ್ಲಿ ಹೀರೋನ ಬೈಕ್ ಕೆಮ್ಮಿದ್ದನ್ನು ಯಾರಾದ್ರೂ ನೋಡಿದ್ದೀರಾ? ಚಾನ್ಸೇ ಇಲ್ಲ! ರಾಮನಗರದ ಬಂಡೆಗಳನ್ನು ದೇಶಕ್ಕೆಲ್ಲ ಪರಿಚಯಿಸಿದ 'ಶೋಲೆ'ಯಲ್ಲಿ (1975) ಅಮಿತಾಭ್-ಧರ್ಮೇಂದ್ರ ಜೋಡಿಯ ಸೈಡ್‌ಕಾರ್ ಬಿ.ಎಸ್.ಎ. ಆಗಲಿ, 'ಪ್ರೇಮಲೋಕ'ದಲ್ಲಿ (1987) ರವಿಚಂದ್ರನ್ ಏರಿ ಬಂದ ಬೈಕ್ ಆಗಲಿ, ಕೈಕೊಟ್ಟಿದ್ದೇ ಇಲ್ಲ. ಸಿನಿಮಾದಲ್ಲಿ ಕೆಟ್ಟ ಶಾಟ್ ಎಡಿಟರ್ ಕತ್ತರಿಗೆ ಹೋಗುತ್ತೆ ಸ್ವಾಮಿ. ರೋಡಿನಲ್ಲಿ ಕತ್ತರಿ ಇಲ್ಲ. ಕೆಟ್ಟರೆ ತಳ್ಳಬೇಕಾದವರು ನೀವೇ!

ಅದೂ ಎಲ್ಲಿ? ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯಲ್ಲಿ ಅಂತಿಟ್ಟುಕೊಳ್ಳಿ. ವರವು ಕಾವಲ್ ಸುತ್ತಮುತ್ತಲ ಬಯಲು ಅಂದ್ರೆ ಕಣ್ಣು ಹಾಯಿಸಿದಷ್ಟೂ ಹುಲ್ಲು, ಕುರುಚಲು, ಕೆಂಪು ಧೂಳು. ಒಂದು ಕಾಲಕ್ಕೆ ಅಮೃತ ಮಹಲ್ ದನಗಳು ಮೇಯುತ್ತಿದ್ದ ಕಾವಲು ಅದು. 2017ರಲ್ಲಿ ಅಲ್ಲಿ ಡಿ.ಆರ್.ಡಿ.ಒ. ಪರೀಕ್ಷಾ ಕೇಂದ್ರ ಶುರುವಾಯ್ತು. ಬೇಲಿಯ ಒಳಗೆ ಪೈಲಟ್ ಇಲ್ಲದ ವಿಮಾನ ಹಾರಿಸ್ತಾರೆ. ಬೇಲಿಯ ಹೊರಗೆ ನಮ್ಮ ಹುಡುಗರು ಉಸಿರಿಲ್ಲದ ಯೆಜ್ಡಿ ತಳ್ತಾರೆ!

ಯೆಜ್ಡಿ ನಮ್ಮ ಮೈಸೂರಿನ ಕೂಸು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, 70ರ ದಶಕದಿಂದ ಯೆಜ್ಡಿ ತಯಾರಾದವು. 1996ರಲ್ಲಿ ಬಾಗಿಲು ಬಿತ್ತು. ಈಗ ಮತ್ತೆ ಅದೇ ಹೆಸರಿನ ಬೈಕ್ ಬಂದಿವೆ, ನಿಜ. ಆದ್ರೆ ಅವುಗಳಲ್ಲಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್. ಆದ್ದರಿಂದ ಅಪ್ಪನ ಕಾಲದ 250 ಸಿ.ಸಿ. ಗಾಡಿ ಮನೆಯಲ್ಲಿದ್ರೆ ಅದರ ಸಿಲಿಂಡರ್-ಪಿಸ್ಟನ್ ಬಂಗಾರ ಅಂತಲೇ ತಿಳ್ಕೊಳ್ಳಿ.

ಆ ಬಂಗಾರವನ್ನು ಕರಗಿಸೋದು ಯಾವುದು ಗೊತ್ತೇ? ಮೈಲೇಜ್ ಹುಚ್ಚು! "ಅಣ್ಣಾ, ಪೆಟ್ರೋಲ್ ಜಾಸ್ತಿ ಕುಡೀತಿದೆ, ಸ್ವಲ್ಪ ಟೈಟ್ ಮಾಡು" ಅನ್ನೋದು. ಮೆಕ್ಯಾನಿಕ್ ಸಣ್ಣ ಜೆಟ್ ಹಾಕೋದು, ನೀಡಲ್ ಇಳಿಸೋದು. ಒಂದು ವಾರ ಲೀಟರ್‌ಗೆ ನಾಲ್ಕು ಕಿ.ಮೀ. ಜಾಸ್ತಿ ಬಂತು ಅಂತ ಟೀ ಪಾರ್ಟಿ. ಆಮೇಲೆ?

ನೆನಪಿಡಿ, ಇದು ಟೂ ಸ್ಟ್ರೋಕ್. ಇಂಜಿನ್ನಿಗೆ ಬೇಕಾದ ಎಣ್ಣೆ ಪೆಟ್ರೋಲ್ ಜೊತೆಯಲ್ಲೇ ಬರಬೇಕು. ಪೆಟ್ರೋಲ್ ಕಮ್ಮಿಯಾದ್ರೆ ಎಣ್ಣೆಯೂ ಕಮ್ಮಿ, ಬಿಸಿ ಮಾತ್ರ ಜಾಸ್ತಿ. ಏಪ್ರಿಲ್ ಬಿಸಿಲು, ನೇರ ರಸ್ತೆ, ಎದುರುಗಾಳಿ, ಫುಲ್ ಆಕ್ಸಿಲರೇಟರ್... ಪಿಸ್ಟನ್ ಉಬ್ಬಿ ಸಿಲಿಂಡರ್ ಗೋಡೆಗೆ ಕಚ್ಚಿಕೊಳ್ಳುತ್ತೆ. ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತೆ. ಆಗ ಹೋಗೋದು ಪಿಸ್ಟನ್ ಒಂದೇ ಅಲ್ಲ, ತಲೆಯೂ ಹೋಗಬಹುದು!

ಇದರ ಮೇಲೆ ಈಗಿನ ಪೆಟ್ರೋಲಿನ ಕಥೆ ಬೇರೆ. ಅದರಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತೆ. 1 ಕೆ.ಜಿ. ಬರೀ ಪೆಟ್ರೋಲ್ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು. ಎಥನಾಲಿಗೆ 9 ಕೆ.ಜಿ. ಸಾಕು. ಅಂದ್ರೆ ಅದೇ ಗಾಳಿಗೆ ಇಂಧನ ಇನ್ನಷ್ಟು ಹೆಚ್ಚು ಬೇಕು. ಹಳೇ ಕಾಲದ ಪೆಟ್ರೋಲಿಗೆ ಸರಿಯಾಗಿದ್ದ ಜೆಟ್ ಇವತ್ತು ತಾನಾಗಿಯೇ ಜಿಪುಣ! ಎಥನಾಲ್ ನೀರನ್ನೂ ಎಳ್ಕೊಳ್ಳುತ್ತೆ, ಹಳೇ ರಬ್ಬರನ್ನೂ ತಿನ್ನುತ್ತೆ.

ಹಾಗಾದ್ರೆ ಮಾಡೋದೇನು? ಮೊದಲು ಕಾರ್ಬೊರೇಟರ್ ಮುಟ್ಟಬೇಡಿ. ಪ್ಲಗ್, ಪಾಯಿಂಟ್, ಏರ್ ಫಿಲ್ಟರ್ ನೋಡಿ. ಕಾರ್ಬೊರೇಟರ್ ಕೂರುವ ಕಡೆ ಗ್ಯಾಸ್ಕೆಟ್ ಸೀಳಿದ್ರೆ ಕಳ್ಳಗಾಳಿ ನುಗ್ಗುತ್ತೆ, ಆಗ ಯಾವ ಟ್ಯೂನಿಂಗೂ ನಿಲ್ಲಲ್ಲ. ಇಷ್ಟು ಸರಿ ಇದ್ರೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬಟ್ಟಲನ್ನು ಗಾಜಿನ ಲೋಟಕ್ಕೆ ಬಗ್ಗಿಸಿ. ತಳದಲ್ಲಿ ನೀರಿನ ಗುಂಡು, ಕೆಂಪು ಮಣ್ಣು ಕಂಡ್ರೆ ಅರ್ಧ ರೋಗ ಸಿಕ್ಕಂತೆ. ಜೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಊದಿ. ತಂತಿ, ಪಿನ್ನು ಹಾಕಿ ಕೆದಕಬೇಡಿ! 0.90 ಮಿ.ಮೀ. ತೂತು 0.95 ಆದ್ರೆ ದಾರಿ ಶೇ. 11ರಷ್ಟು ಅಗಲವಾಗುತ್ತೆ.

ಇಂಜಿನ್ ಬಿಸಿಯಾದ ಮೇಲೆ ಟ್ಯೂನಿಂಗ್. ಏರ್ ಸ್ಕ್ರೂ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ. ಅಲ್ಲಿಂದ ಕಾಲು ಕಾಲು ಸುತ್ತು ಆಚೆ ಈಚೆ ತಿರುವಿ, ಇಂಜಿನ್ ಎಲ್ಲಿ ಚುರುಕಾಗಿ ಓಡುತ್ತೋ ಅಲ್ಲಿ ಬಿಡಿ. ಇದು ಐಡ್ಲಿಂಗ್ ಲೆಕ್ಕ. ನಡು ಓಟಕ್ಕೆ ನೀಡಲ್, ಫುಲ್ ಓಟಕ್ಕೆ ಮೇನ್ ಜೆಟ್. ನೀಡಲಿನ ಕ್ಲಿಪ್ ಒಂದು ಗೀರು ಕೆಳಗಿಟ್ರೆ ನೀಡಲ್ ಮೇಲೇಳುತ್ತೆ, ಪೆಟ್ರೋಲ್ ಜಾಸ್ತಿ ಬರುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ!

ಕೊನೆಗೆ ತೀರ್ಪು ಪ್ಲಗ್ಗಿನದು. ಖಾಲಿ ರಸ್ತೆಯಲ್ಲಿ, ಹೆಲ್ಮೆಟ್ ಹಾಕಿ, ನಾಲ್ಕನೇ ಗೇರಿನಲ್ಲಿ ಒಂದು ಕಿ.ಮೀ. ಓಡಿಸಿ. ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ ಪಕ್ಕಕ್ಕೆ ಬನ್ನಿ. ಪ್ಲಗ್ ಬಿಚ್ಚಿ ನೋಡಿ. ಟೀ ಬಣ್ಣವೇ? ಭೇಷ್! ಕಪ್ಪು, ಒದ್ದೆ? ಪೆಟ್ರೋಲ್ ಜಾಸ್ತಿ, ಹೊಗೆ ಬರುತ್ತೆ, ಪ್ರಾಣಕ್ಕೇನೂ ಇಲ್ಲ. ಸುಣ್ಣದ ಹಾಗೆ ಬಿಳಿಯೇ? ಗಾಡಿ ಅಲ್ಲೇ ನಿಲ್ಲಿಸಿ, ಜೆಟ್ ದೊಡ್ಡದು ಮಾಡಿಸುವವರೆಗೆ ಓಡಿಸಬೇಡಿ. ಓಡುತ್ತಿರುವಾಗಲೇ ಶಬ್ದ ತೆಳ್ಳಗಾಗಿ ಗಾಡಿ ಎಳೆಯದೇ ಹೋದ್ರೆ ತಕ್ಷಣ ಕ್ಲಚ್ ಹಿಡಿಯಿರಿ, ಯೋಚನೆ ಆಮೇಲೆ.

ಅಂದ ಹಾಗೆ, ಚಳ್ಳಕೆರೆ ಎಣ್ಣೆ ಊರು ಅಂತ ಹೆಸರುವಾಸಿ, ಒಪ್ಪಿದೆ. ಆದ್ರೆ ಶೇಂಗಾ ಎಣ್ಣೆ ಒಗ್ಗರಣೆಗೆ! ಗಾಡಿಗೆ ಒಳ್ಳೇ 2ಟಿ ಎಣ್ಣೆಯನ್ನೇ ಅಳತೆಯಂತೆ ಹಾಕಿ.

ಲೀಟರ್‌ಗೆ ನಾಲ್ಕು ಕಿ.ಮೀ. ಉಳಿಸೋಕೆ ಹೋಗಿ ಮೈಸೂರಿನ ಪಿಸ್ಟನ್ ಕಳ್ಕೊಳ್ಳಬೇಡಿ ಗೆಳೆಯರೇ. ಹೊಟ್ಟೆಗೆ ಹಾಕಿ, ದುಡಿಸಿಕೊಳ್ಳಿ.

ಮುಂದಿನ ವಾರ: ಪಾಯಿಂಟ್ ಗ್ಯಾಪ್ ಪುರಾಣ!