ತೋಳದ ವೇಷ ಹಾಕಿದ ಕುರಿ

ಮಳೆಗಾಲ ಬಂತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬ ಕಡೆಯ ಚರ್ಚ್ ವಾಟ್ಸಾಪ್ ಗುಂಪುಗಳಲ್ಲಿ ಹಾವಿನ ಫೋಟೋಗಳ ಸುಗ್ಗಿ. ಅದರಲ್ಲೊಂದು ಪ್ರತಿವರ್ಷ ತಪ್ಪದೆ ಬರುತ್ತದೆ. ಎಡಗಡೆ ಕಟ್ಟುಹಾವು, ಬಲಗಡೆ ತೋಳಹಾವು, ಕೆಳಗೊಂದು ಉಪದೇಶ: ಪಾಪವೂ ಹೀಗೆಯೇ, ಸಾಧುವಿನಂತೆ ಕಾಣುತ್ತದೆ, ಕುರಿಯ ವೇಷದಲ್ಲಿ ತೋಳ ಬರುತ್ತದೆ, ಆದ್ದರಿಂದ ಎರಡನ್ನೂ ಹೊಡೆದು ಹಾಕುವುದೇ ಕ್ಷೇಮ. ಅದರ ಕೆಳಗೆ ಸಾಲಾಗಿ ಆಮೆನ್‌ಗಳು.

ನನಗೆ ಈ ಉಪದೇಶದ ಮೇಲೆ ತಕರಾರಿದೆ. ನಿಸರ್ಗದಿಂದ ಪಾಠ ಕಲಿಯಬಾರದು ಅಂತಲ್ಲ. ಯೇಸುಸ್ವಾಮಿ ಕೂಡ ಹಕ್ಕಿ, ಕಾಡುಹೂವು, ಅಂಜೂರದ ಮರ ತೋರಿಸಿಯೇ ಮಾತಾಡಿದ್ದು. ಆದರೆ ಅವರು ಮೊದಲು 'ನೋಡಿ' ಅಂದರು. ನಾವು ಉಪದೇಶವನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೊಪ್ಪುವ ಹಾವು ಹುಡುಕುತ್ತೇವೆ.

ಸರಿ, ನೋಡೋಣ. ಕಟ್ಟುಹಾವಿನ ಮೈ ಹೊಳೆಯುವ ಕಪ್ಪು. ತೆಳ್ಳಗಿನ ಬಿಳಿ ಪಟ್ಟೆಗಳು ಹೆಚ್ಚಾಗಿ ಜೋಡಿ ಜೋಡಿ. ಕತ್ತಿನ ಹತ್ತಿರ ಇಲ್ಲದಂತಿದ್ದು ಬಾಲದ ಕಡೆ ಹೋದಂತೆ ಸ್ಪಷ್ಟವಾಗುತ್ತವೆ. ಬೆನ್ನಿನ ನಡುವೆ ಉದ್ದಕ್ಕೂ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು. ತೋಳಹಾವು ಇದರ ತದ್ವಿರುದ್ಧ. ಕಂದು ಮೈ, ಕತ್ತಿನಲ್ಲೇ ಒಂದು ಬಿಳಿ ಪಟ್ಟಿ, ಪಟ್ಟೆಗಳು ಮುಂಭಾಗದಲ್ಲಿ ದಟ್ಟವಾಗಿದ್ದು ಬಾಲದತ್ತ ಮಾಸುತ್ತವೆ. ಅದು ಹಲ್ಲಿ ಹಿಡಿಯಲು ಗೋಡೆ, ಹೆಂಚು ಎಲ್ಲ ಹತ್ತುತ್ತದೆ. ಅದರಿಂದ ಮನುಷ್ಯನ ಜೀವಕ್ಕೆ ಅಪಾಯವಿಲ್ಲ.

ಈಗ ಹೇಳಿ, ವೇಷ ಹಾಕಿದ್ದು ಯಾರು? ಕಟ್ಟುಹಾವು ತನ್ನ ಬಟ್ಟೆಯಲ್ಲೇ ಇದೆ. ಅಪಾಯವಿಲ್ಲದ ಪ್ರಾಣಿ ಅಪಾಯಕಾರಿಯ ಬಣ್ಣ ಹೊತ್ತು ಬದುಕುವುದನ್ನು ಹೆನ್ರಿ ಬೇಟ್ಸ್ 1862ರಲ್ಲಿ ಅಮೆಜಾನ್ ಚಿಟ್ಟೆಗಳ ಮೂಲಕ ವಿವರಿಸಿದ. ತೋಳಹಾವಿನದ್ದೂ ಅದೇ ಕಥೆ ಅಂತ ಹೇಳುತ್ತಾರೆ. ಅಂದರೆ ಇದು ತೋಳದ ವೇಷ ಹಾಕಿದ ಕುರಿ! ಇನ್ನೂ ತಮಾಷೆ ಏನೆಂದರೆ, ಹಲ್ಲು ನೋಡಿ ವಿಜ್ಞಾನಿಗಳು ಇಟ್ಟ ಲೈಕೊಡಾನ್ ಎಂಬ ಹೆಸರಿನ ಅರ್ಥವೇ ತೋಳದ ಹಲ್ಲು. ಪಾಪ, ಹೆಸರೂ ಕೆಟ್ಟದ್ದು, ಬಟ್ಟೆಯೂ ಕೆಟ್ಟದ್ದು.

ಹಾಗಾಗಿ ಈ ಜೋಡಿಯಿಂದ ಪಾಠ ಬೇಕೇ ಬೇಕು ಅಂದರೆ ಅದು ತಿರುಗಿ ನಮ್ಮ ಮೇಲೆಯೇ ಬೀಳುತ್ತದೆ. ಬಟ್ಟೆ ನೋಡಿ ಯಾರನ್ನೆಲ್ಲ ಹೊಡೆದಿದ್ದೇವೆ? 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರಿಗೆ ನಮ್ಮ ಸುಳ್ಯ, ಪುತ್ತೂರಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆ ಸಿಕ್ಕಿತು. ಕೇರಳದಿಂದ ಗುಡ್ಡ ಹತ್ತಿ ಬಂದು ರಬ್ಬರ್ ನೆಟ್ಟ ಕುಟುಂಬಗಳಲ್ಲಿ ನಮ್ಮದೂ ಒಂದು. ನಮ್ಮನ್ನು ಹೊರಗಿನವರು ಅಂದವರ ಮೇಲೆ ಸಿಟ್ಟಾಗುವ ನಮ್ಮವರೇ ಆ ತಮಿಳರನ್ನು ಹಾಗೆ ಕರೆಯುವುದನ್ನು ಕೇಳಿದ್ದೇನೆ.

ಇದನ್ನೆಲ್ಲ ಹೇಳಿದರೆ ಅಮ್ಮನ ಪ್ರಶ್ನೆ ರೆಡಿ: "ಕರೆಂಟಿಲ್ಲದ ರಾತ್ರಿ ಬಚ್ಚಲಲ್ಲಿ ಹಾವು ಕಂಡರೆ ಬೆನ್ನಿನ ಹುರುಪೆ ಎಣಿಸುತ್ತಾ ಕೂರಬೇಕಾ ಮಗಾ?" ನ್ಯಾಯವಾದ ಪ್ರಶ್ನೆಯೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ, ಒಂದು ತಪ್ಪಿಗೆ ತೋಳಹಾವಿನ ಜೀವ ಹೋಗುತ್ತದೆ, ಇನ್ನೊಂದಕ್ಕೆ ಮಗುವಿನ ಜೀವ. ಎರಡೂ ಸಮ ಅಲ್ಲ. ಆದರೆ ಹೊಡೆಯುವುದು, ಹಿಡಿದು ನೋಡುವುದು, ಎರಡೇ ದಾರಿ ಅಂತ ಯಾರು ಹೇಳಿದ್ದು? ಹಾವು ಕಚ್ಚುವ ಸಂದರ್ಭಗಳಲ್ಲಿ ಅದನ್ನು ಹೊಡೆಯಲು ಹೋಗುವುದೂ ಒಂದು. ದೂರ ನಿಂತು, ಬಾಗಿಲು ಹಾಕಿ, ಹಾವು ಹಿಡಿಯುವವರಿಗೆ ಫೋನ್ ಮಾಡಬಹುದಲ್ಲ!

ಮತ್ತಾಯನ 13ನೇ ಅಧ್ಯಾಯದಲ್ಲಿ ಇದೇ ವಿಷಯ ಇದೆ. ಗೋಧಿಯ ನಡುವೆ ಗೋಧಿಯಂತೆಯೇ ಕಾಣುವ ಕಳೆ. ಆಳುಗಳು ಕೀಳುತ್ತೇವೆ ಅಂದರೆ ಯಜಮಾನ ಬೇಡ ಅನ್ನುತ್ತಾನೆ, ಗೋಧಿಯೂ ಕಿತ್ತು ಬರುತ್ತದೆ ಅಂತ. ಗದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತೆನೆ ಬರುವ ತನಕ ಭತ್ತದಂತೆಯೇ ಇರುವ ಹುಲ್ಲು ನಮ್ಮಲ್ಲೂ ಉಂಟು. ಅಪೊಸ್ತಲರ ಕೃತ್ಯಗಳ 28ನೇ ಅಧ್ಯಾಯ ಇನ್ನೂ ಸೊಗಸು. ಮಾಲ್ಟಾದಲ್ಲಿ ಪೌಲನ ಕೈಗೆ ಹಾವು ಕಚ್ಚಿದ ತಕ್ಷಣ ಜನ ಅವನನ್ನು ಕೊಲೆಗಾರ ಅಂದರು. ಸ್ವಲ್ಪ ಹೊತ್ತಾದರೂ ಸಾಯದಿದ್ದಾಗ ದೇವರೇ ಅಂದರು. ಎರಡೂ ತಪ್ಪು. ಇಷ್ಟು ಒಳ್ಳೆಯ ಹಾವಿನ ಕಥೆ ಇರುವಾಗ ಫಾರ್ವರ್ಡ್ ಮೆಸೇಜಿನ ಕಥೆ ನಮಗೇಕೆ?

ಆದರೆ ನನ್ನ ನಿಜವಾದ ಚಿಂತೆ ಬೇರೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂಬ ಅಂದಾಜಿದೆ. ನಮ್ಮ ದೇಶದ ಪ್ರತಿವಿಷ ನಾಲ್ಕು ಹಾವುಗಳ ವಿಷದ ಮೇಲೆ ನಿಂತಿದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. ಘಟ್ಟದ ಬುಡದ ತೋಟಗಳ ತರಗೆಲೆಯಲ್ಲಿ ಐದನೆಯದೊಂದಿದೆ. ಮೂಗಿನ ತುದಿ ಮೇಲಕ್ಕೆದ್ದ, ಒಣಗಿದ ಎಲೆಯ ಬಣ್ಣದ ಸಣ್ಣ ಮಂಡಲ. ಗೊತ್ತಿಲ್ಲದವರಿಗೆ ಗರಗಸ ಮಂಡಲದಂತೆಯೇ ಕಾಣುತ್ತದೆ. 2007ರಲ್ಲಿ ಕೇರಳದ ವೈದ್ಯರು ಇದರ ಕಡಿತದಿಂದ ಜೀವಕ್ಕೇ ಅಪಾಯವಾದ ಪ್ರಕರಣಗಳನ್ನು ಪ್ರಕಟಿಸಿದರು. ಈ ಹಾವಿನ ವಿಷಕ್ಕೆ ನಮ್ಮ ಪ್ರತಿವಿಷ ಕೆಲಸ ಮಾಡುವುದಿಲ್ಲ, ರಕ್ತ ಹೆಪ್ಪುಗಟ್ಟದೆ ಮೂತ್ರಪಿಂಡ ಸೋತರೆ ಡಯಾಲಿಸಿಸ್ ಬೇಕಾಗುತ್ತದೆ. ಹೋಲಿಕೆಯ ಬೆಲೆ ಅಂದರೆ ಇದು.

ಆಸ್ಪತ್ರೆಯಲ್ಲಿ ಗಾಜಿನ ನಳಿಕೆಗೆ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷದ ಗುಮಾನಿ. ಹಾವನ್ನು ಕೊಂದು ಚೀಲದಲ್ಲಿ ತರಬೇಕೆಂದೇನೂ ಇಲ್ಲ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಕಾಯಬಾರದು. ಕಟ್ಟುಹಾವಿನ ಕಡಿತಕ್ಕಂತೂ ಎಷ್ಟೋ ಸಲ ನೋವು, ಬಾವು ಎರಡೂ ಇರುವುದಿಲ್ಲ. ನೆಲದಲ್ಲಿ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ, ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ಉಸಿರು.

2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ. ನಮ್ಮ ಚರ್ಚುಗಳೂ ಒಂದು ಕೆಲಸ ಮಾಡಬಹುದು. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಪೂಜೆ ಮುಗಿದ ಮೇಲೆ ಸರಕಾರಿ ಆಸ್ಪತ್ರೆಯ ಡಾಕ್ಟರೊಬ್ಬರನ್ನು ಅರ್ಧ ಗಂಟೆ ಕರೆಸಿ. ಬೆಳಗಿನ ಜಾವ ತಲೆಗೆ ಲೈಟ್ ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವವರು ಮುಂದಿನ ಬೆಂಚಿನಲ್ಲಿ ಕೂರಲಿ. ಗಮ್ ಬೂಟು, ಸೊಳ್ಳೆಪರದೆ, ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ, ಡಯಾಲಿಸಿಸ್ ಎಲ್ಲಿದೆ... ಇಷ್ಟು ಮಾತಾದರೆ ಸಾಕು. ಆ ಫೋನ್ ನಂಬರುಗಳನ್ನು ಗುಂಪಿನಲ್ಲಿ ಪಿನ್ ಮಾಡಿಡಿ.